ತಾಮ್ರದ ಕೊಳಗ ಮತ್ತು ಉಬ್ಬದ ಬನ್ನು: ಒಂದು ಬೇಕರಿಯ ಪ್ರಕರಣ

ಡಿಸೆಂಬರ್ ತಿಂಗಳ ಒಂದು ಸಂಜೆ. ಕಾಲೇಜು ಮುಗಿಸಿ ಮನೆಗೆ ಬಂದರೆ ಗೇಟಿನ ಹತ್ತಿರ ನಮ್ಮ ಬೀದಿಯ ಬೇಕರಿ ಅಣ್ಣ ನಿಂತಿದ್ದರು. ಕೈಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ನಾಲ್ಕು ಬನ್ನು.

"ಮೇಷ್ಟ್ರೇ, ಇದನ್ನ ಸ್ವಲ್ಪ ಒತ್ತಿ ನೋಡ್ರಿ."

ಒತ್ತಿದೆ. ಒತ್ತಿದರೆ ತಗ್ಗಬೇಕು, ಬಿಟ್ಟರೆ ಮೇಲೆ ಬರಬೇಕು, ಅದು ಬನ್ನು. ಇದು ತಗ್ಗಲೇ ಇಲ್ಲ. ಮುರಿದು ನೋಡಿದೆ. ಒಳಗೆ ತೂತು ಅನ್ನುವುದೇ ಇಲ್ಲ, ತಳದಲ್ಲಿ ಬೇಯದ ಹಿಟ್ಟಿನ ಒಂದು ಪಟ್ಟಿ.

"ಹತ್ತು ದಿನದಿಂದ ಹಿಂಗೇ ಆಗ್ತಿದೆ. ಸೋಮವಾರ ಬಂತು ಅಂದ್ರೆ ಪೂರ್ತಿ ಕೈಕೊಡ್ತದೆ. ನೀವು ಯೀಸ್ಟು ಗೀಸ್ಟು ಪಾಠ ಮಾಡ್ತೀರಂತಲ್ಲ, ಏನಾಗಿದೆ ಹೇಳ್ರಿ."

ನಾನು ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಡುವವನು. ಯೀಸ್ಟ್ ಬಗ್ಗೆ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಬನ್ನು ಹಿಡಿದುಕೊಂಡು ಮನೆ ಬಾಗಿಲಿಗೆ ಬಂದವರು ಮಾತ್ರ ಇವರೊಬ್ಬರೇ. ಆ ನಾಲ್ಕು ಬನ್ನಿನ ಹಿಂದೆ ನಾನು, ನನ್ನ ಮೂವರು ವಿದ್ಯಾರ್ಥಿಗಳು ಎರಡು ತಿಂಗಳು ಓಡಾಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಮಾಡಿದ ಎಡವಟ್ಟನ್ನೂ ಬಿಟ್ಟಿಲ್ಲ.

ಬೇಕರಿ ಮತ್ತು ಅದರ ಪದ್ಧತಿ

ದಾವಣಗೆರೆ ಅಂದರೆ ಬೆಣ್ಣೆ ದೋಸೆ, ಮಂಡಕ್ಕಿ-ಮಿರ್ಚಿ ಅನ್ನುತ್ತಾರೆ. ಬೆಳಗ್ಗೆ ಆರಕ್ಕೇ ಟೀ ಅಂಗಡಿಗಳಿಗೆ ಹೋಗುವ ಬನ್ನಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಈ ಬೇಕರಿ ಅಂಥ ಬನ್ನು ಮಾಡುವ ಜಾಗ. ಬ್ರೆಡ್ಡು, ರಸ್ಕು, ಖಾರಾ ಬನ್ನು, ದಿಲ್‌ಪಸಂದ್ ಕೂಡ ಇವೆ. ಅಪ್ಪನ ಕಾಲದಿಂದ ನಡೆದು ಬಂದದ್ದು. ಅಣ್ಣ, ಅವರ ಹೆಂಡತಿ, ಇಬ್ಬರು ಹುಡುಗರು ಕೆಲಸ ಮಾಡುತ್ತಾರೆ. ಮೇಲ್ವಿಚಾರಣೆಗೆ ಅವರ ತಾಯಿ ಇದ್ದಾರೆ. ಎಲ್ಲರೂ ಅವರನ್ನು ಅಜ್ಜಿ ಅನ್ನುತ್ತಾರೆ, ನಾನೂ.

ಬೇಸಿಗೆಯಲ್ಲಿ ಒಣ ಯೀಸ್ಟನ್ನು ನೇರವಾಗಿ ಮೈದಾಕ್ಕೆ ಕಲಸುತ್ತಾರೆ. ಚಳಿಗಾಲದಲ್ಲಿ ಹಿಟ್ಟು ಬೇಗ ಮೇಲೇಳುವುದಿಲ್ಲ. ಅದಕ್ಕೇ ಈ ಸಲ ಹೊಸ ಉಪಾಯ ಮಾಡಿದ್ದರು. ಸಂಜೆಯೇ ನೀರಿಗೆ ಸಕ್ಕರೆ ಹಾಕಿ, ಒಂದು ನಿಂಬೆಹಣ್ಣು ಹಿಂಡಿ ಇಡುವುದು. ರಾತ್ರಿ ಹತ್ತಕ್ಕೆ ಅದಕ್ಕೆ ಯೀಸ್ಟ್ ಉದುರಿಸುವುದು. ಬೆಳಗಿನ ಜಾವ ಆ ನೀರಲ್ಲೇ ಹಿಟ್ಟು ಕಲಸುವುದು. ನಿಂಬೆ ಯಾಕೆ ಅಂತ ಕೇಳಿದರೆ "ಬನ್ನು ಮೆತ್ತಗಾಗ್ತದೆ" ಅಂದರು. ಇರಲಿ.

ನನ್ನ ಹತ್ತಿರ ಬರುವ ಮುಂಚೆ ಅವರು ಯೀಸ್ಟಿನ ಪೊಟ್ಟಣ ಬದಲಿಸಿದ್ದರು, ಮೈದಾದ ಚೀಲ ಬದಲಿಸಿದ್ದರು, ಬೋರ್ ನೀರು ಬಿಟ್ಟು ನಲ್ಲಿ ನೀರು ಹಾಕಿದ್ದರು. ಯಾವುದಕ್ಕೂ ಬನ್ನು ಬಗ್ಗಿರಲಿಲ್ಲ.

ನನ್ನ ಎಡವಟ್ಟು

ಮಾರನೇ ದಿನ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ರಾತ್ರಿ ನೆನೆಸಿದ ಯೀಸ್ಟ್ ನೀರು, ಜೊತೆಗೆ ಪೊಟ್ಟಣದಲ್ಲಿ ಉಳಿದಿದ್ದ ಒಣ ಯೀಸ್ಟ್ ಎರಡನ್ನೂ ತರಿಸಿಕೊಂಡೆ. ಒಣ ಯೀಸ್ಟನ್ನು ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಹಾಕಿದರೆ ಕಾಲು ಗಂಟೆಯಲ್ಲಿ ನೊರೆ ಉಕ್ಕಿತು. ಅಂದರೆ ಪೊಟ್ಟಣ ಚೆನ್ನಾಗಿಯೇ ಇದೆ. ಬಾಟಲಿಯ ನೀರಿಗೆ ಸಕ್ಕರೆ ಹಾಕಿ ಒಂದು ಗಂಟೆ ಕಾದೆ. ನಾಲ್ಕು ಗುಳ್ಳೆ ಎದ್ದವು, ಅಷ್ಟೇ.

ಸೂಕ್ಷ್ಮದರ್ಶಕದ ಕೆಳಗಿಟ್ಟು ಮೆಥಿಲೀನ್ ಬ್ಲೂ ಹಾಕಿದೆ. ಇದು ಹಳೇ ಪರೀಕ್ಷೆ, ಖರ್ಚೂ ಇಲ್ಲ. ಬದುಕಿರುವ ಯೀಸ್ಟ್ ಕೋಶ ಒಳಗೆ ಬಂದ ನೀಲಿ ಬಣ್ಣವನ್ನು ಬಣ್ಣಗೆಡಿಸಿ ಬೆಳ್ಳಗೇ ಉಳಿಯುತ್ತದೆ. ಸತ್ತ ಕೋಶಕ್ಕೆ ಆ ಶಕ್ತಿ ಇಲ್ಲ, ನೀಲಿಯಾಗಿ ನಿಲ್ಲುತ್ತದೆ. ಕಣ್ಣಿಟ್ಟು ನೋಡಿದರೆ ಚಿಕ್ಕ ಚಿಕ್ಕ ನೇರಳೆಹಣ್ಣು ಚೆಲ್ಲಿದ ಹಾಗೆ ಎಲ್ಲೆಲ್ಲೂ ನೀಲಿ. ಹತ್ತರಲ್ಲಿ ಎಂಟೋ ಒಂಬತ್ತೋ ಸತ್ತಿದ್ದವು.

ನಾನು ಸಲೀಸಾಗಿ ತೀರ್ಪು ಕೊಟ್ಟೆ: "ಅಣ್ಣಾ, ನೀವು ಬಿಸಿ ನೀರು ಹಾಕಿದ್ದೀರಿ. ಯೀಸ್ಟ್ ಬೆಂದು ಹೋಗಿದೆ." ನೀರು ಐವತ್ತೈದು-ಅರವತ್ತು ಡಿಗ್ರಿ ಮುಟ್ಟಿದರೆ ಯೀಸ್ಟ್ ಉಳಿಯುವುದಿಲ್ಲ. ಹೊಸಬರು ಮಾಡುವ ತಪ್ಪು ಸಾಮಾನ್ಯವಾಗಿ ಇದೇ.

ಅವರಿಗೆ ಬೇಜಾರಾಯಿತು. "ಮೂವತ್ತು ವರ್ಷದಿಂದ ಹಿಟ್ಟು ಕಲಸ್ತಿದೀನಿ ಮೇಷ್ಟ್ರೇ. ಬೆರಳು ಅದ್ದಿ ನೋಡದೆ ಯೀಸ್ಟು ಹಾಕಲ್ಲ" ಅಂದು ಎದ್ದು ಹೋದರು.

ಪ್ಲಾಸ್ಟಿಕ್ ಬಾಟಲಿಯೇ ನನ್ನ ದಾರಿ ತಪ್ಪಿಸಿದ್ದು. ಆ ನೀರು ರಾತ್ರಿಯಿಡೀ ಯಾವ ಪಾತ್ರೆಯಲ್ಲಿತ್ತು ಅಂತ ಕೇಳಬೇಕು ಅನ್ನಿಸಲೇ ಇಲ್ಲ. ಆಸ್ಪತ್ರೆಯಲ್ಲಿ ರಕ್ತದ ರಿಪೋರ್ಟ್ ನೋಡಿ ರೋಗಿಯ ಮುಖ ನೋಡದೆ ಔಷಧಿ ಬರೆಯುವವರನ್ನು ಬೈಯುತ್ತೇವಲ್ಲ, ನಾನು ಮಾಡಿದ್ದೂ ಅದನ್ನೇ.

ಕೊಳಗ

ಎರಡು ದಿನ ಬಿಟ್ಟು, ಮನಸ್ಸಿಗೆ ಸರಿಬರದೆ, ಬೆಳಗಿನ ಜಾವ ನಾಲ್ಕೂವರೆಗೆ ಬೇಕರಿಗೆ ಹೋದೆ. ಒಲೆಯ ಬಿಸಿ ಇನ್ನೂ ಏರಿರಲಿಲ್ಲ. ಮೂಲೆಯಲ್ಲಿ ಗೋಣಿಚೀಲ ಮುಚ್ಚಿದ ಒಂದು ಪಾತ್ರೆ. ಚೀಲ ತೆಗೆದರೆ ದೊಡ್ಡದೊಂದು ತಾಮ್ರದ ಕೊಳಗ.

ಮಾಮೂಲಿ ಪ್ಲಾಸ್ಟಿಕ್ ಬಕೆಟ್ ಒಡೆದಿತ್ತಂತೆ. ಅಜ್ಜಿ ಅಟ್ಟದಿಂದ ತಮ್ಮ ಮದುವೆಯ ಕೊಳಗ ಇಳಿಸಿದ್ದರು. ತಾಮ್ರದ ನೀರು ಮೈಗೆ ಒಳ್ಳೆಯದು, ಬನ್ನಿಗೂ ಒಳ್ಳೆಯದೇ ಅಂತ ಅವರ ಲೆಕ್ಕ. ಮೊದಲ ದಿನ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ ಫಳಫಳ ಮಾಡಿದ್ದರು. ಆಮೇಲೆ ದಿನಾ ನೀರಲ್ಲಿ ಅಲುಬಿ ಇಡುತ್ತಿದ್ದರು.

ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಒಂದು ಕಾಲದಲ್ಲಿ ಒಳಮೈಗೆ ಕಲಾಯಿ ಇತ್ತು. ಈಗ ತಳದ ಅಂಚಿನಲ್ಲಿ ಮಾತ್ರ ತವರದ ಬೂದು ಕಲೆಗಳು ಉಳಿದಿದ್ದವು. ಮಿಕ್ಕಿದ್ದೆಲ್ಲ ಬರೀ ತಾಮ್ರ. ನೀರು ನಿಂತ ಮಟ್ಟದಲ್ಲಿ ಸುತ್ತಲೂ ಒಂದು ಬೆರಳಗಲದ ಹಸಿರು-ನೀಲಿ ಗೆರೆ. ಉಗುರಿಂದ ಕೆರೆದರೆ ಪುಡಿಯಾಗಿ ಬಂತು. ಕಿಲುಬು.

"ಭಾನುವಾರ ಏನು ಮಾಡ್ತೀರಿ?" ಅಂತ ಕೇಳಿದೆ.

"ಭಾನುವಾರ ರಜಾ ಅಲ್ವಾ. ಅಲುಬಿ ಬೋರಲು ಹಾಕಿರ್ತೀವಿ."

ಅಲ್ಲಿಗೆ ಸೋಮವಾರದ ಗುಟ್ಟೂ ಸಿಕ್ಕಿತು. ಸಂಜೆ ಶುರುವಾಗುವ ನೆನೆಹಾಕುವ ಕೆಲಸ ಭಾನುವಾರವೂ ಬಿಡುತ್ತಿರಲಿಲ್ಲ. ಆದರೆ ಅಲ್ಲಿಯವರೆಗೆ ಒದ್ದೆ ಕೊಳಗ ಶನಿವಾರ ಬೆಳಗಿನಿಂದ ಭಾನುವಾರ ಸಂಜೆವರೆಗೆ ಗಾಳಿಗೆ ಬಿದ್ದಿರುತ್ತಿತ್ತು. ಒದ್ದೆ ತಾಮ್ರಕ್ಕೆ ಗಾಳಿ ತಾಗಿದರೆ ಕಿಲುಬು ಕಟ್ಟುತ್ತದೆ. ಲೋಹದ ತಾಮ್ರ ನಿಂಬೆಹುಳಿಯಲ್ಲಿ ನಿಧಾನಕ್ಕೆ ಕರಗುತ್ತದೆ. ಕಿಲುಬಾದರೋ ಹುಳಿ ತಾಗಿದ ತಕ್ಷಣ ಕರಗಿ ನೀರಿಗಿಳಿಯುತ್ತದೆ. ಸೋಮವಾರದ ಬನ್ನಿಗೆ ಬೀಳುತ್ತಿದ್ದದ್ದು ಎರಡು ದಿನದ ಕಿಲುಬು.

ಮೇಲಿಂದ ಯೀಸ್ಟ್ ಕೂಡ ಸುಮ್ನೆ ಕೂರುವುದಿಲ್ಲ. ಸಕ್ಕರೆ ತಿನ್ನುತ್ತಾ ತಾನಿರುವ ನೀರನ್ನು ತಾನೇ ಹುಳಿ ಮಾಡುತ್ತದೆ.

ನಾನು ಅಣ್ಣನಿಗೆ ತಪ್ಪಾಯಿತು ಅಂದೆ. ಅವರು ಟೀ ತರಿಸಿದರು.

ಕಾಲೇಜಿನಲ್ಲಿ ಮಾಡಿದ್ದು

ಪಾತ್ರೆ ಬದಲಿಸಿದರೆ ಬೇಕರಿಯ ಮಟ್ಟಿಗೆ ಕಥೆ ಮುಗಿಯಿತು. ಮುಗಿದೂ ಹೋಯಿತು. ಸ್ಟೀಲ್ ಪಾತ್ರೆಗೆ ಹೋದ ಮಾರನೇ ದಿನವೇ ಬನ್ನು ಉಬ್ಬಿತು. ಆದರೆ ಕೊನೇ ವರ್ಷದ ಮೂವರು ಹುಡುಗರಿಗೆ ಪ್ರಾಜೆಕ್ಟ್ ಬೇಕಿತ್ತು. ನನಗೂ ಒಂದು ಪ್ರಶ್ನೆ ಕೊರೆಯುತ್ತಿತ್ತು. ತಾಮ್ರ ನೀರಿಗಿಳಿಯಿತು, ಸರಿ. ಅಲ್ಲಿಂದ ಎಲ್ಲಿ ಹೋಯಿತು? ಯೀಸ್ಟ್ ಅದನ್ನು ಏನು ಮಾಡಿತು?

ಹುಡುಗರಲ್ಲಿ ಒಬ್ಬ ಚನ್ನಗಿರಿ ಕಡೆಯವನು, ಅಡಿಕೆ ತೋಟದ ಮನೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಅಂದರೆ ಅವನಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮನೆ ಅದು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಕಾಗಿದೆಯಾ ಅಂತ ನೋಡಲು ತೋಟದವರು ಹೊಳೆಯುವ ಚಾಕು ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ಅವನು ಕೊಳಗದ ನೀರಿಗೂ ಚಾಕು ಅದ್ದಿದ. ಏನೂ ಹತ್ತಲಿಲ್ಲ. "ತಾಮ್ರ ಇಲ್ಲ ಸರ್" ಅಂದ.

ಇದೆ, ಆದರೆ ಚಾಕುವಿಗೆ ಕಾಣುವಷ್ಟಿಲ್ಲ. ಬೋರ್ಡೋದಲ್ಲಿ ಲೀಟರಿಗೆ 10 ಗ್ರಾಂ ಮೈಲುತುತ್ತ ಹಾಕುತ್ತೇವೆ, ಇಲ್ಲಿರುವುದು ಅದರ ಒಂದು ಚೂರು. ಪೊಟ್ಯಾಸಿಯಂ ಫೆರೋಸಯನೈಡ್ ಹನಿ ಹಾಕಿಸಿದೆ. ತಾಮ್ರ ಇದ್ದರೆ ಅದು ಕಂದು ಕೆಂಪಾಗುತ್ತದೆ. ಕೊಳಗದಲ್ಲಿ ರಾತ್ರಿಯಿಟ್ಟ ನಿಂಬೆ-ಸಕ್ಕರೆ ನೀರು ಹನಿ ಬಿದ್ದ ಕೂಡಲೇ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು.

ಆಮೇಲೆ ಅದೇ ನೀರಿಗೆ ಒಣ ಯೀಸ್ಟ್ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ಯೀಸ್ಟ್ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಸೋಸಿ ಹನಿ ಹಾಕಿದೆವು. ಬಣ್ಣ ಬಂತು, ಆದರೆ ಬಹಳ ತಿಳಿಯಾಗಿ. ತಾಮ್ರ ನೀರಿಂದ ಮಾಯವಾಗಿತ್ತು. ತಳದ ಯೀಸ್ಟನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಆ ತೊಳೆದ ನೀರಿಗೆ ಹನಿ ಹಾಕಿದರೆ ಬಣ್ಣ ವಾಪಸ್ ಬಂತು!

ಇನ್ನೊಬ್ಬಳು ವಿದ್ಯಾರ್ಥಿನಿ ಕೇಳಿದಳು: "ಸತ್ತ ಯೀಸ್ಟ್ ಹಾಕಿದ್ರೆ ಸರ್?" ಹತ್ತು ನಿಮಿಷ ಕುದಿಸಿದ ಯೀಸ್ಟ್ ಹಾಕಿ ನೋಡಿದೆವು. ಅದೂ ತಾಮ್ರವನ್ನು ಹಿಡಿಯಿತು.

ಹಿಡಿಯುವುದು ಎರಡು ಥರ

ಯೀಸ್ಟ್ ಕೋಶದ ಗಾತ್ರ ಸುಮಾರು 5ರಿಂದ 10 ಮೈಕ್ರಾನ್. ಹೊರಗೆ ಗೋಡೆ, ಒಳಗೆ ಪೊರೆ. ಗೋಡೆ ಗ್ಲೂಕಾನ್, ಮ್ಯಾನನ್ ಅನ್ನುವ ಸಕ್ಕರೆ ಸರಪಳಿಗಳು ಮತ್ತು ಪ್ರೊಟೀನಿನದು. ಅದರಲ್ಲಿ ಫಾಸ್ಫೇಟ್, ಕಾರ್ಬಾಕ್ಸಿಲ್ ಗುಂಪುಗಳು ಅಂಟಿಕೊಂಡಿರುತ್ತವೆ. ಅವುಗಳದ್ದು ಋಣ ವಿದ್ಯುದಂಶ, ತಾಮ್ರದ ಅಯಾನಿನದು ಧನ. ಹತ್ತಿರ ಬಂದರೆ ಹತ್ತಿಕೊಳ್ಳುತ್ತದೆ. ಬಟ್ಟೆಗೆ ಉತ್ತರಾಣಿ ಮುಳ್ಳು ಹತ್ತಿದ ಹಾಗೆ. ಇದಕ್ಕೆ ಕೋಶ ಬದುಕಿರಬೇಕು ಅಂತಿಲ್ಲ, ಸಕ್ಕರೆ ಬೇಕಿಲ್ಲ, ನಿಮಿಷಗಳಲ್ಲಿ ಮುಗಿಯುತ್ತದೆ. ಆಮ್ಲದಲ್ಲಿ ತೊಳೆದರೆ ಬಿಟ್ಟು ಬರುತ್ತದೆ. ಲೋಹ ಬೆರೆತ ನೀರನ್ನು ಶುದ್ಧ ಮಾಡಲು ಮದ್ಯದ ಕಾರ್ಖಾನೆಯ ಹಳೇ ಯೀಸ್ಟ್ ಬಳಸಬಹುದಾ ಅಂತ ಜಗತ್ತಿನ ಹಲವು ಕಡೆ ಸಂಶೋಧನೆ ನಡೆದಿರುವುದು ಇದೇ ಗುಣ ನಂಬಿ. ಚಿತ್ರದುರ್ಗದ ಹತ್ತಿರ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತು ಅಂತ ಮೂರನೇ ಹುಡುಗ ಕಣ್ಣರಳಿಸಿದ. ಅದು ಬೇರೆ ಪ್ರಾಜೆಕ್ಟ್ ಅಂತ ಸುಮ್ಮನಾಗಿಸಿದೆ.

ಎರಡನೇ ಥರದ್ದು ಬದುಕಿರುವ ಕೋಶದ ಕೆಲಸ. ತಾಮ್ರ ಯೀಸ್ಟಿಗೆ ವಿಷ ಮಾತ್ರ ಅಲ್ಲ, ಬೇಕಾದ ವಸ್ತುವೂ ಹೌದು. ಉಸಿರಾಟದ ಒಂದು ಕಿಣ್ವಕ್ಕೆ ತಾಮ್ರ ಬೇಕು. ಕಬ್ಬಿಣ ಒಳಗೆ ತರುವ ಒಂದು ಕಿಣ್ವಕ್ಕೂ ಬೇಕು. ಅಂದರೆ ತಾಮ್ರ ಇಲ್ಲದ ಯೀಸ್ಟಿಗೆ ಕಬ್ಬಿಣವೂ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಪೊರೆಯಲ್ಲಿ ತಾಮ್ರಕ್ಕೆಂದೇ ಒಂದು ಬಾಗಿಲಿದೆ, ಹೆಸರು ಸಿಟಿಆರ್1. ಮೊದಲು ಹೊರಗೇ ಒಂದು ಕಿಣ್ವ ತಾಮ್ರಕ್ಕೆ ಒಂದು ಇಲೆಕ್ಟ್ರಾನ್ ಕೊಟ್ಟು ರೂಪ ಬದಲಿಸುತ್ತದೆ, ಆಮೇಲೆ ಬಾಗಿಲು ಅದನ್ನು ಒಳಗೆ ಬಿಡುತ್ತದೆ. ಮನುಷ್ಯರ ತಾಮ್ರದ ಬಾಗಿಲಿನ ಜೀನನ್ನು 1997ರಲ್ಲಿ ಗುರುತಿಸಿದ್ದೂ ಯೀಸ್ಟಿನ ಸಹಾಯದಿಂದಲೇ. ತನ್ನ ಬಾಗಿಲು ಕಳೆದುಕೊಂಡ ಯೀಸ್ಟಿಗೆ ಮನುಷ್ಯರ ಜೀನ್ ಹಾಕಿದರು, ಅದು ಕೆಲಸ ಮಾಡಿತು.

ಬಾಗಿಲು ಕಾಯಲು ಇಬ್ಬರಿದ್ದಾರೆ ಅಂದುಕೊಳ್ಳಿ. ಮ್ಯಾಕ್1 ಅನ್ನುವ ಪ್ರೊಟೀನು ತಾಮ್ರ ಕಡಿಮೆಯಾದಾಗ ಎಚ್ಚರಾಗಿ ಬಾಗಿಲುಗಳನ್ನು ಜಾಸ್ತಿ ಮಾಡಿಸುತ್ತದೆ. ತಾಮ್ರ ಜಾಸ್ತಿಯಾದರೆ ಅದು ಸುಮ್ಮನಾಗುತ್ತದೆ. ಪೊರೆಯಲ್ಲಿದ್ದ ಬಾಗಿಲುಗಳನ್ನೂ ಕೋಶ ಒಳಗೆಳೆದು ಮುರಿದು ಹಾಕುತ್ತದೆ. ಆಗ ಏಸ್1 ಎಚ್ಚರಾಗುತ್ತದೆ. ತಾಮ್ರ ತನಗೇ ಅಂಟಿಕೊಂಡಾಗ ಇದರ ಆಕಾರ ಬದಲಾಗಿ, ಹೋಗಿ ಕಪ್1 ಅನ್ನುವ ಜೀನಿನ ಮೇಲೆ ಕೂರುತ್ತದೆ. ಕಪ್1 ಮಾಡಿಸುವುದು ಮೆಟಲೋಥಯೋನಿನ್ ಜಾತಿಯ ಒಂದು ಪುಟ್ಟ ಪ್ರೊಟೀನು. ಈ ಜಾತಿಯ ಪ್ರೊಟೀನು ಮೊದಲು ಸಿಕ್ಕಿದ್ದು 1957ರಲ್ಲಿ, ಕುದುರೆಯ ಮೂತ್ರಪಿಂಡದಲ್ಲಿ. ಯೀಸ್ಟಿನದರಲ್ಲಿ ಗಂಧಕ ಇರುವ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ 12 ಇವೆ. ಅವು ಏಳೆಂಟು ತಾಮ್ರದ ಅಯಾನುಗಳನ್ನು ಹಿಡಿದು ಕಟ್ಟಿಹಾಕುತ್ತವೆ. ಕಟ್ಟಿಹಾಕಿದ ತಾಮ್ರ ತೊಂದರೆ ಕೊಡುವುದಿಲ್ಲ.

ಬಿಟ್ಟರೆ ಏನಾಗುತ್ತದೆ? ಬಿಡಿ ತಾಮ್ರ ಕೋಶದೊಳಗೆ ಇಲೆಕ್ಟ್ರಾನ್ ಕೊಡುತ್ತಾ ತೆಗೆದುಕೊಳ್ಳುತ್ತಾ ಆಮ್ಲಜನಕದ ಕೆಟ್ಟ ರೂಪಗಳನ್ನು ಹುಟ್ಟಿಸುತ್ತದೆ. ಪೊರೆಯ ಕೊಬ್ಬು ಹಾಳಾಗುತ್ತದೆ, ಒಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಕಬ್ಬಿಣ-ಗಂಧಕ ಜೋಡಿಯಿರುವ ಪ್ರೊಟೀನುಗಳಲ್ಲಿ ಕಬ್ಬಿಣವನ್ನು ಒದ್ದು ತಾನು ಕೂರುತ್ತದೆ.

ಹಾಗಾದರೆ ಕೊಳಗದಲ್ಲಿ ಯಾಕೆ ಸೋತಿತು?

ಇಷ್ಟೆಲ್ಲ ಏರ್ಪಾಡು ಇದ್ದೂ ಅಣ್ಣನ ಯೀಸ್ಟ್ ಸತ್ತಿದ್ದೇಕೆ? ಈ ಪ್ರಕರಣದಲ್ಲಿ ನನಗೆ ಹೆಚ್ಚು ಕಲಿಸಿದ್ದು ಈ ಪ್ರಶ್ನೆ.

ಮೊದಲನೆಯದು, ಒಣ ಯೀಸ್ಟ್. ಒಣಗಿದ ಕೋಶ ನೀರು ಕುಡಿದು ಮೈ ತುಂಬಿಕೊಳ್ಳುವ ಮೊದಲ ಕೆಲವು ನಿಮಿಷ ಅದರ ಪೊರೆ ಸೋರುತ್ತಿರುತ್ತದೆ. ಒಳಗಿನದು ಹೊರಗೆ, ಹೊರಗಿನದು ಒಳಗೆ. ಆ ಹೊತ್ತಿನಲ್ಲಿ ಬಾಗಿಲು ಕಾಯುವ ಮಾತೇ ಇಲ್ಲ, ಪೊರೆಯೇ ಬಿರುಕು ಬಿಟ್ಟಿದೆ. ಅಣ್ಣ ಯೀಸ್ಟ್ ಉದುರಿಸುತ್ತಿದ್ದದ್ದು ಸಂಜೆಯಿಂದ ತಾಮ್ರ ಕುಡಿದು ಕೂತ ನೀರಿಗೆ. ಇದಕ್ಕಿಂತ ಕೆಟ್ಟ ಗಳಿಗೆ ಬೇರೆ ಇಲ್ಲ.

ಎರಡನೆಯದು, ಊಟ. ಕಪ್1 ಪ್ರೊಟೀನು ಮಾಡಲು ಆದೇಶ ಅರ್ಧ ಗಂಟೆಯೊಳಗೆ ಹೊರಡುತ್ತದೆ. ಆದರೆ ಪ್ರೊಟೀನು ಕಟ್ಟಲು ಸಾರಜನಕ ಬೇಕು, ಗಂಧಕ ಬೇಕು. ಕೊಳಗದಲ್ಲಿದ್ದದ್ದು ಸಕ್ಕರೆ ನೀರು. ಸೌದೆ ರಾಶಿ ಇದೆ, ಅಕ್ಕಿ ಇಲ್ಲ. ಇದು ನನ್ನ ಊಹೆ ಅನ್ನಬಹುದು, ಆದರೆ ನಾವು ಮಾಡಿದ ಒಂದು ಪ್ರಯೋಗ ಅದರ ಕಡೆಗೇ ವಾಲುತ್ತದೆ. ಒಂದೇ ಅಳತೆಯ ಮೈಲುತುತ್ತವನ್ನು ಎರಡು ಬಾಟಲಿಗೆ ಹಾಕಿದೆವು. ಒಂದರಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಮೈದಾ ಕಲಸಿ ಬಸಿದ ನೀರಿಗೆ ಅಷ್ಟೇ ಸಕ್ಕರೆ. ಬಾಯಿಗೆ ಬಲೂನು ಕಟ್ಟಿದೆವು. ಬೆಳಗ್ಗೆ ಬಂದು ನೋಡಿದರೆ ಮೊದಲನೆಯ ಬಲೂನು ಜೋತುಬಿದ್ದಿತ್ತು, ಎರಡನೆಯದು ನೆಟ್ಟಗೆ ನಿಂತಿತ್ತು. ಆದರೆ ಮೈದಾದ ಪ್ರೊಟೀನು ತಾನೇ ತಾಮ್ರವನ್ನು ಹಿಡಿದು ಯೀಸ್ಟಿಗೆ ಸಿಗದ ಹಾಗೆ ಮಾಡಿರಬಹುದು. ಊಟದಿಂದ ಎಷ್ಟು ಉಳಿಯಿತು, ಈ ಹಿಡಿತದಿಂದ ಎಷ್ಟು ಉಳಿಯಿತು ಅಂತ ಬಲೂನು ಹೇಳುವುದಿಲ್ಲ. ಪ್ರಾಜೆಕ್ಟ್ ವರದಿಯಲ್ಲಿ ಇದನ್ನು ಬರೆಯದೆ ಬಿಟ್ಟಿದ್ದಕ್ಕೆ ಹುಡುಗರಿಂದ ಮತ್ತೆ ಬರೆಸಿದೆ.

ಬೇಸಿಗೆಯಲ್ಲಿ ನೇರ ಹಿಟ್ಟಿಗೆ ಯೀಸ್ಟ್ ಹಾಕಿದಾಗ ಬಹುಶಃ ಅದೇ ಕೊಳಗದ ನೀರಾಗಿದ್ದರೂ ಬನ್ನು ಇಷ್ಟು ಕೆಡುತ್ತಿರಲಿಲ್ಲ.

ಕಂದು ಬಣ್ಣದ ತಟ್ಟೆ

ನಿಧಾನಕ್ಕೆ ರೂಢಿ ಮಾಡಿಸಿದರೆ ಏನಾಗುತ್ತದೆ ಅಂತ ನೋಡೋಣ ಅಂದಳು ವಿದ್ಯಾರ್ಥಿನಿ. ಪೋಷಕಾಂಶ ತುಂಬಿದ ಮಾಧ್ಯಮದಲ್ಲಿ ಮೊದಲ ದಿನ ಚೂರೇ ಚೂರು ಮೈಲುತುತ್ತ, ಮಾರನೇ ದಿನ ಸ್ವಲ್ಪ ಜಾಸ್ತಿ, ಹೀಗೆ ಒಂದು ವಾರ. ಇನ್ನೊಂದು ಕಡೆ, ತಾಮ್ರವನ್ನೇ ನೋಡದ ಯೀಸ್ಟನ್ನು ನೇರವಾಗಿ ಕೊನೇ ದಿನದ ಅಳತೆಗೆ ಹಾಕಿದಳು. ನೇರ ಹಾಕಿದ್ದು ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಬೆಳೆಯಿತು. ರೂಢಿ ಮಾಡಿಸಿದ್ದು ತಟ್ಟೆ ತುಂಬ ಬೆಳೆಯಿತು, ಆದರೆ ನಿಧಾನವಾಗಿ.

ಬಣ್ಣ ನೋಡಿ ಅವಳು ಗಾಬರಿಯಾಗಿ ಓಡಿ ಬಂದಳು. "ಸರ್, ಏನೋ ಬೇರೆ ಸೇರ್ಕೊಂಡಿದೆ!" ಕೆನೆ ಬಣ್ಣದಲ್ಲಿರಬೇಕಾದ ಯೀಸ್ಟ್ ಕಾಫಿಪುಡಿ ಬಣ್ಣಕ್ಕೆ ತಿರುಗಿತ್ತು. ಸೂಕ್ಷ್ಮದರ್ಶಕದಲ್ಲಿ ಅದೇ ಯೀಸ್ಟ್, ಅದೇ ಮೊಗ್ಗು ಒಡೆಯುವ ಕೋಶಗಳು. ಬೇರೇನೂ ಸೇರಿರಲಿಲ್ಲ. ಯೀಸ್ಟ್ ಸಲ್ಫೈಡ್ ಬಿಡುತ್ತದೆ, ಅದು ತಾಮ್ರದ ಜೊತೆ ಸೇರಿ ಕಂದು ತಾಮ್ರದ ಸಲ್ಫೈಡ್ ಆಗಿ ಗೋಡೆಯಲ್ಲಿ ಕೂರುತ್ತದೆ. ಕರಗದ ವಸ್ತು, ಹಾಗಾಗಿ ಇದೂ ಒಂದು ಥರ ವಿಷ ಕಟ್ಟಿಹಾಕಿದಂತೆಯೇ.

ಒಂದು ವಾರದ ರೂಢಿ ಒಂದು ಕಡೆಯಾದರೆ, ತಲೆಮಾರುಗಳ ರೂಢಿ ಇನ್ನೊಂದು ಕಡೆ. ಕಪ್1 ಜೀನು ಯೀಸ್ಟಿನ ಎಂಟನೇ ವರ್ಣತಂತುವಿನಲ್ಲಿದೆ. ಕೆಲವು ತಳಿಗಳಲ್ಲಿ ಅದರ ಒಂದೇ ಪ್ರತಿ, ಇನ್ನು ಕೆಲವುಗಳಲ್ಲಿ ಹತ್ತಕ್ಕೂ ಜಾಸ್ತಿ ಸಾಲಾಗಿ ನಿಂತಿರುತ್ತವೆ. ಪ್ರತಿ ಜಾಸ್ತಿಯಾದಷ್ಟೂ ತಾಮ್ರ ತಡೆಯುವ ಶಕ್ತಿ ಜಾಸ್ತಿ ಅನ್ನುವುದು 1982ರಲ್ಲೇ ತಿಳಿದ ವಿಷಯ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಿಂದ ಬೋರ್ಡೋ ದ್ರಾವಣ ಹೊಡೆಯುತ್ತಿದ್ದಾರೆ, ಅದರ ಹೆಸರೇ ಅಲ್ಲಿಯದು. ವೈನ್ ಮಾಡುವ ಹಲವು ಯೀಸ್ಟ್ ತಳಿಗಳು ತಾಮ್ರಕ್ಕೆ ಜಗ್ಗದಿರುವುದು ಅದರಿಂದಲೇ ಅಂತ ತಿಳಿದವರು ಹೇಳುತ್ತಾರೆ. ಚನ್ನಗಿರಿಯ ಹುಡುಗ "ನಮ್ಮ ತೋಟದ ಯೀಸ್ಟೂ ಹಂಗೇ ಇರಬೇಕು ಸರ್" ಅಂದ. ಇರಬಹುದು, ಅಡಿಕೆ ಸಿಪ್ಪೆಯಿಂದ ಯೀಸ್ಟ್ ತೆಗೆದು ನೋಡು ಅಂದೆ. (ಕೊಳೆರೋಗ ತರುವ ಜೀವಿ ನಿಜವಾದ ಶಿಲೀಂಧ್ರ ಅಲ್ಲ, ಪಾಚಿಯ ನೆಂಟ. ಪರೀಕ್ಷೆಯಲ್ಲಿ ಎಲ್ಲರೂ ತಪ್ಪು ಬರೆಯುತ್ತಾರೆ.)

ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಹಾಕಿ ನೋಡೋಣವಾ ಅಂತಲೂ ಹುಡುಗರು ಕೇಳಿದರು. ಒಪ್ಪಲಿಲ್ಲ. ಉಳಿದ ನೀರನ್ನು ಎಲ್ಲಿ ಚೆಲ್ಲುವುದು? ಸಿಂಕಿಗಾ? ಬೋರ್ಡಿನ ಮೇಲೆ ಬರೆದು ತೋರಿಸಿದೆ. ಕ್ಯಾಡ್ಮಿಯಂ ಯೀಸ್ಟಿಗೆ ಯಾವ ಕೆಲಸಕ್ಕೂ ಬೇಡ, ಅದಕ್ಕೆಂದು ಬಾಗಿಲೂ ಇಲ್ಲ. ಸತುವು, ಮ್ಯಾಂಗನೀಸ್, ಕಬ್ಬಿಣದ ಬಾಗಿಲುಗಳಲ್ಲಿ ನುಸುಳುತ್ತದೆ. ಒಳಗೆ ಗ್ಲುಟಾಥಯೋನ್ ಅನ್ನುವ ಗಂಧಕದ ಅಣು ಎರಡೆರಡಾಗಿ ಅದನ್ನು ಹಿಡಿಯುತ್ತವೆ. ವೈಸಿಎಫ್1 ಅನ್ನುವ ಪಂಪು ಆ ಗಂಟನ್ನು ಕೋಶದೊಳಗಿನ ರಸಧಾನಿ ಅನ್ನುವ ಚೀಲಕ್ಕೆ ತಳ್ಳಿ ಬಾಗಿಲು ಹಾಕುತ್ತದೆ. ಗ್ಲುಟಾಥಯೋನಿಗೆ ಗಂಧಕ ಸಾಲದಾದಾಗ ಯೀಸ್ಟ್ ತನ್ನ ಕೆಲವು ಪ್ರೊಟೀನುಗಳನ್ನೇ ಬದಲಿಸುತ್ತದೆ. ಗಂಧಕ ಜಾಸ್ತಿ ಇರುವುದನ್ನು ನಿಲ್ಲಿಸಿ, ಅದೇ ಕೆಲಸ ಮಾಡುವ, ಗಂಧಕ ಕಡಿಮೆ ಇರುವುದನ್ನು ಮಾಡಿಕೊಳ್ಳುತ್ತದೆ. ಬರಗಾಲದಲ್ಲಿ ಅಕ್ಕಿ ಬಿಟ್ಟು ಸಾಮೆ-ನವಣೆಗೆ ಇಳಿದ ಹಾಗೆ. ಈ ಒಂದು ವಿವರಕ್ಕಾಗಿಯೇ ನಾನು ಯೀಸ್ಟನ್ನು ಇಷ್ಟಪಡುತ್ತೇನೆ.

ಅಜ್ಜಿಯ ಪ್ರಶ್ನೆ

ಜನವರಿ ಕೊನೆಯಲ್ಲಿ ವರದಿಯ ಒಂದು ಪ್ರತಿ ಹಿಡಿದು ಬೇಕರಿಗೆ ಹೋದೆವು. ಉಬ್ಬದ ಹಳೇ ಬನ್ನುಗಳನ್ನು ಏನು ಮಾಡಿದಿರಿ ಅಂತ ಕೇಳಿದೆ. ನೀರಿಗಿಳಿದ ತಾಮ್ರವೆಲ್ಲ ಯೀಸ್ಟಿನ ಜೊತೆ ಹಿಟ್ಟಿಗೇ ಹೋಗಿತ್ತಲ್ಲ. ಮಾರಿರಲಿಲ್ಲ. ಒಣಗಿಸಿ ಚೀಲದಲ್ಲಿಟ್ಟಿದ್ದರು. ಹಳ್ಳಿಯಿಂದ ಬರುವ ಸಂಬಂಧಿಕರೊಬ್ಬರು ಕುರಿಗೆ ಹಾಕಲು ಕೇಳಿದ್ದರಂತೆ. ಕುರಿಗಂತೂ ಬೇಡವೇ ಬೇಡ ಅಂದೆ. ತಾಮ್ರ ತಡೆಯದ ಪ್ರಾಣಿಗಳಲ್ಲಿ ಕುರಿ ಮೊದಲನೆಯದು, ಅದು ಲಿವರಿನಲ್ಲಿ ಕೂಡಿಡುತ್ತಾ ಹೋಗಿ ಒಂದು ದಿನ ಕುಸಿಯುತ್ತದೆ. ಚೀಲ ಅವತ್ತೇ ಗುಂಡಿಗೆ ಹೋಯಿತು.

ಅಜ್ಜಿ ಇಷ್ಟೆಲ್ಲ ಕೇಳಿಸಿಕೊಂಡು, "ಹಂಗಾದ್ರೆ ನಾ ಬೆಳಿಗ್ಗೆ ಎದ್ದು ಕುಡಿಯೋ ತಾಮ್ರದ ಚೊಂಬಿನ ನೀರು? ಅದೂ ವಿಷನಾ?" ಅಂದರು.

ಆ ನೀರನ್ನೂ ತರಿಸಿ ಪರೀಕ್ಷೆ ಮಾಡಿದೆವು. ಫೆರೋಸಯನೈಡಿಗೆ ಬಣ್ಣ ಕಾಣಲಿಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಒಪ್ಪಿಕೊಳ್ಳುತ್ತಾರೆ. ಅಷ್ಟು ಸಣ್ಣದನ್ನು ಅಳೆಯಲು ನಮ್ಮ ಹನಿ ಸಾಲದು. ಅದನ್ನೂ ಹೇಳಿದೆ. ಬರೀ ನೀರಿಗೆ ತಾಮ್ರ ಬಿಡುವುದು ಕಡಿಮೆ, ಆದರೆ ನಿಂಬೆ, ಮಜ್ಜಿಗೆ, ಹುಣಸೆ ಸಾರು ಅದರಲ್ಲಿ ಇಡಬೇಡಿ, ದಿನಾ ತೊಳೆದು ಒರೆಸಿಡಿ ಅಂದೆ. ಕೊಳಗಕ್ಕೆ ಕಲಾಯಿ ಹಾಕಿಸಬೇಕು ಅಂತ ಅಜ್ಜಿಯ ಹಟ. ಕಲಾಯಿಯವರು ಈಗ ಬೀದಿಗೆ ಬರುವುದಿಲ್ಲ. ಹಳೇ ಪೇಟೆಯಲ್ಲಿ ಹುಡುಕಿ ಹಾಕಿಸಿದರು. ನವಸಾಗರದ ಹೊಗೆಯಲ್ಲಿ ಬಿಸಿ ತಾಮ್ರದ ಮೇಲೆ ತವರ ಬೆಳ್ಳಿ ಹಾಗೆ ಹರಡುವುದನ್ನು ಹುಡುಗರೂ ಹೋಗಿ ನೋಡಿ ಬಂದರು.

ಕಂದು ಯೀಸ್ಟಿನ ತಟ್ಟೆಯನ್ನು ಅಣ್ಣನಿಗೆ ತೋರಿಸಿದ್ದಳು ವಿದ್ಯಾರ್ಥಿನಿ. ತಿರುಗಿಸಿ ತಿರುಗಿಸಿ ನೋಡಿದರು.

"ಇದು ಗಟ್ಟಿ ಯೀಸ್ಟು ಅಂತೀರಿ. ಹಂಗಾದ್ರೆ ಚಳಿಗೂ ಜಗ್ಗಲ್ಲ ಅಲ್ವಾ? ನಮಗೆ ಕೊಡ್ರಿ."

"ಇಲ್ಲ ಅಣ್ಣಾ, ತಾಮ್ರಕ್ಕೆ ಗಟ್ಟಿ ಅಂದ್ರೆ ಚಳಿಗೆ ಗಟ್ಟಿ ಅಂತಲ್ಲ. ನಿಧಾನ ಬೇರೆ. ಮೈ ತುಂಬ ತಾಮ್ರ."

"ಬಣ್ಣ ಮಾತ್ರ ರಸ್ಕಿಗೆ ಚೆನ್ನಾಗಿತ್ತು" ಅಂದು ತಟ್ಟೆ ವಾಪಸ್ ಕೊಟ್ಟರು.